ಅದೇ ಮನೆಯವರು ಅಲ್ಲಿ ‘ಕಲಾವಿದರು’, ಇಲ್ಲಿ ‘ತಲೆಕೆಟ್ಟವರು’: ಏನು ಮಾಡಬೇಕು?

ಕೇಳಿದ್ದು: ನಾಲ್ಕು ಜನರ ಕುಟುಂಬ. ಒಬ್ಬರು ರಾತ್ರಿ ಹೊತ್ತು ಮರದ ಕೆತ್ತನೆ ಮಾಡುತ್ತಾರೆ. ಇನ್ನೊಬ್ಬರು ಹಳೆ ಗಡಿಯಾರ, ರೇಡಿಯೊ ಕೂಡಿಹಾಕಿ ಬಿಚ್ಚಿ ಜೋಡಿಸುತ್ತಾರೆ. ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ. ಕಾಂಪೌಂಡ್ ಇದ್ದ ದೊಡ್ಡ ಮನೆಯಲ್ಲಿದ್ದಾಗ ಇದನ್ನೆಲ್ಲ ಜನ ಮೆಚ್ಚಿಯೇ ಮಾತಾಡುತ್ತಿದ್ದರು. ವರಮಾನ ಇಳಿದು ಒತ್ತೊತ್ತಾದ ಬಾಡಿಗೆ ಮನೆಗೆ ಬಂದ ಮೇಲೆ ಅದೇ ಕೆಲಸಗಳಿಗೆ ‘ತಲೆಕೆಟ್ಟ ಮನೆ’ ಎಂಬ ಹೆಸರು. ಅಕ್ಕಪಕ್ಕದವರು ಮಕ್ಕಳನ್ನು ಆಟಕ್ಕೂ ಕಳಿಸುತ್ತಿಲ್ಲ. ಈ ಹೆಸರನ್ನು ಅಳಿಸುವುದು ಹೇಗೆ? (ಉತ್ತರಿಸಿದ ಐವರೂ ಗುಪ್ತನಾಮಗಳಲ್ಲಿ ಬರೆದಿದ್ದಾರೆ.)

ಜಗಲಿಕಟ್ಟೆ: ನಿಮ್ಮ ಮನೆಯಲ್ಲಿ ಬದಲಾದದ್ದು ಗೋಡೆ. ಕಾಂಪೌಂಡು, ಗೇಟು, ಪಕ್ಕದ ಮನೆಗಿದ್ದ ದೂರ ಇವೆಲ್ಲ ಸೇರಿ ನಿಮ್ಮ ವಿಚಿತ್ರಗಳಲ್ಲಿ ಯಾವುದು ಹೊರಗೆ ಕಾಣಬೇಕು ಎಂದು ಆರಿಸಿ ಕೊಡುತ್ತಿದ್ದವು. ಜನ ನೋಡಿದ್ದು ಮುಗಿದ ಕೆತ್ತನೆಯನ್ನು, ಉಳಿಪೆಟ್ಟು ಯಾರ ಕಿವಿಗೂ ಬಿದ್ದಿರಲಿಲ್ಲ. ಈಗ ಪೆಟ್ಟು ಎಲ್ಲರಿಗೂ ಕೇಳುತ್ತದೆ, ಕೆತ್ತನೆ ಯಾರಿಗೂ ಕಾಣುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಚ್ಯಾಂಬ್ಲಿಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಒಂದೇ ಹೈಸ್ಕೂಲಿನ ಎರಡು ಗುಂಪುಗಳನ್ನು ಅವರು ಎರಡು ವರ್ಷ ಗಮನಿಸಿದರು: ಉಳ್ಳವರ ಮನೆಯ 8 ಹುಡುಗರು, ಕೆಳವರ್ಗದ 6 ಹುಡುಗರು. ಪುಂಡಾಟ ಎರಡೂ ಕಡೆ ಇತ್ತು. ಮೊದಲಿನವರಿಗೆ ಕಾರು ಸಿಗುತ್ತಿತ್ತು, ಊರಾಚೆ ಹೋಗಿ ಮಾಡುತ್ತಿದ್ದರು. ಸಿಕ್ಕಿಬಿದ್ದಾಗ ತಲೆತಗ್ಗಿಸಿ ವಿನಯದಿಂದ ಮಾತಾಡುತ್ತಿದ್ದರು. ಎರಡನೆಯವರು ಊರ ನಡುವೆ ಎಲ್ಲರ ಕಣ್ಣೆದುರು ನಿಂತಿರುತ್ತಿದ್ದರು. ಆ ಎರಡು ವರ್ಷದಲ್ಲಿ ಉಳ್ಳವರ ಹುಡುಗರಲ್ಲಿ ಒಬ್ಬನ ಬಂಧನವೂ ಆಗಲಿಲ್ಲ. ಬಡ ಹುಡುಗರಿಗೆ ಪೊಲೀಸರ ಕಾಟ ತಪ್ಪಲಿಲ್ಲ. ಚ್ಯಾಂಬ್ಲಿಸ್ ಕೊಟ್ಟ ಕಾರಣಗಳು ಮೂರು: ಎಷ್ಟು ಕಣ್ಣಿಗೆ ಬೀಳುತ್ತಾರೆ, ಹೇಗೆ ಮಾತಾಡುತ್ತಾರೆ, ನೋಡುವವರು ಮೊದಲೇ ಏನು ನಂಬಿದ್ದಾರೆ. ಕೊನೆಯದು ನಿಮ್ಮ ಕೈಯಲ್ಲಿಲ್ಲ. ಮೊದಲೆರಡು ಇವೆ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಯಾರು ಯಾವ ಪದ ಬಳಸಿದರು, ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಬರೆಯಿರಿ. ಆಮೇಲೆ ಪ್ರತಿ ಸಾಲಿಗೂ ಗುರುತು ಹಾಕಿ. ಸದ್ದು, ವಾಸನೆ, ದೂಳು, ದಾರಿಗೆ ಅಡ್ಡ, ಇವು ನಿಜವಾಗಿ ತಟ್ಟುವ ತೊಂದರೆಗಳು. ಇನ್ನು ಕೆಲವು ಕಣ್ಣಿಗೆ ಮಾತ್ರ ಬೀಳುವಂಥವು. ಉಳಿದದ್ದು ಬರೀ ಮಾತು. ಮೊದಲ ಬಗೆಯದನ್ನು ಸರಿಪಡಿಸಲೇಬೇಕು, ಅದು ನೆರೆಯವರ ಹಕ್ಕು. ಬರೀ ಮಾತಿಗೆ ಎದುರುತ್ತರ ಬೇಡ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ: ಆಡಿಕೊಂಡರೆಂಬ ಸಿಟ್ಟಿನಲ್ಲಿ ನ್ಯಾಯವಾದ ದೂರನ್ನೂ ತಳ್ಳಿಹಾಕುತ್ತಾರೆ.

ಅಡ್ಡಗೋಡೆ: ಸದ್ದಿನ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ವಸ್ತು ಕೊಳ್ಳುವವರೇ ಜಾಸ್ತಿ. ಗೋಡೆಗೆ ಅಂಟಿಸುವ ಸ್ಪಂಜಿನ ಹಲಗೆ, ದಪ್ಪ ಪರದೆ ಇವು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತವೆ, ಅಷ್ಟೇ. ಕೊಡತಿಯ ಪೆಟ್ಟು ಪಕ್ಕದ ಮನೆಗೆ ಹೋಗುವುದು ಮೇಜಿನ ಕಾಲಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ. ಆ ದಾರಿಯನ್ನು ಕಡಿಯಬೇಕು.

ಮೇಜನ್ನು ಪಕ್ಕದ ಮನೆಗೂ ನಿಮಗೂ ನಡುವಿನ ಗೋಡೆಯಿಂದ ಎದುರು ಬದಿಗೆ ಸರಿಸಿ, ಯಾವ ಗೋಡೆಗೂ ತಾಗದಂತೆ ಒಂದು ಗೇಣು ಬಿಡಿ. ನಾಲ್ಕೂ ಕಾಲಿನ ಕೆಳಗೆ ಕಂಪನ ತಡೆಯುವ ರಬ್ಬರ್ ಪ್ಯಾಡ್ ಇಡಿ. ಅದು ಮೇಜಿನ ಭಾರಕ್ಕೆ ತಕ್ಕಷ್ಟು ಗಡಸಾಗಿರಬೇಕು. ಭಾರಕ್ಕೆ ಪೂರ್ತಿ ಚಪ್ಪಟೆಯಾದ ರಬ್ಬರು ಗಟ್ಟಿ ಕಲ್ಲಿನಂತೆಯೇ ಕಂಪನ ದಾಟಿಸುತ್ತದೆ. ತೀರಾ ಮೆತ್ತಗಿದ್ದರೆ ಮೇಜು ಓಲಾಡಿ ಉಳಿ ಕೈಗೆ ಜಾರುತ್ತದೆ. ಕೆಲವು ತಿಂಗಳಿಗೊಮ್ಮೆ ಪ್ಯಾಡ್ ಕುಸಿದಿದೆಯೇ ನೋಡಿ.

ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಕಡಿಮೆಯಾಗಬೇಕು. ಪ್ಯಾಡ್ ಒಂದರಿಂದಲೇ ಅಷ್ಟು ಆಗದಿರಬಹುದು. ಹಾಗಾಗಿ ಕೆಲಸವನ್ನೂ ಹಂಚಿ: ಕೊಡತಿ ಹಗಲಿಗೆ; ರೇಖೆ ಹಾಕುವುದು, ಕೈಯಿಂದ ಉಜ್ಜುವುದು, ಎಣ್ಣೆ ಹಚ್ಚುವುದು ರಾತ್ರಿಗೆ. ಕೊಡತಿಯ ಹೊತ್ತು ದಿನವೂ ಅದೇ ಇರಲಿ. ಯಾವಾಗ ನಿಲ್ಲುತ್ತದೆಂದು ಗೊತ್ತಿರುವ ಸದ್ದನ್ನು ಜನ ತಾಳಿಕೊಳ್ಳುತ್ತಾರೆ, ಗೊತ್ತಿಲ್ಲದ ಸದ್ದು ನಿದ್ದೆ ಕೆಡಿಸುತ್ತದೆ.

ಎಲ್ಲ ಮಾಡಿದ ಮೇಲೆ ಪಕ್ಕದವರನ್ನು ಕೇಳಿಕೊಂಡು ಅವರ ಮಲಗುವ ಕೋಣೆಯಲ್ಲಿ ನಿಂತು ನೀವೇ ಕೇಳಿ; ಇತ್ತ ಇನ್ನೊಬ್ಬರು ಪೆಟ್ಟು ಹಾಕಲಿ. ಆ ಹತ್ತು ನಿಮಿಷ ನಿಮ್ಮ ಹೆಸರಿಗೆ ಮಾಡುವ ಒಳ್ಳೆಯದನ್ನು ಹತ್ತು ಕ್ಷಮಾಪಣೆ ಮಾಡಲಾರವು.

ಹಿತ್ತಲಬಾಗಿಲು: ಗಡಿಯಾರ, ರೇಡಿಯೊಗಳ ಬಗ್ಗೆ. ಭೂದೃಶ್ಯ ತಜ್ಞೆ ಜೋನ್ ನಸ್ಸಾವರ್ 1995ರಲ್ಲಿ ಕಾಡುಕಾಡಾಗಿ ಬೆಳೆದ ತೋಟಗಳ ಕುರಿತು ಒಂದು ಮಾತು ಹೇಳಿದರು: ಒಳಗೆ ಹೇಗೇ ಬೆಳೆದಿರಲಿ, ಅಂಚಿನಲ್ಲಿ ನೀಟಾಗಿ ಕತ್ತರಿಸಿದ ಹುಲ್ಲಿನ ಪಟ್ಟಿಯೋ ಬೇಲಿಯೋ ಇದ್ದರೆ ನೋಡುವವರು ಅದನ್ನು ‘ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂದು ಓದುತ್ತಾರೆ. ನಿಮ್ಮ ರಾಶಿಗೂ ಅದೇ ಅನ್ವಯ. ವಸ್ತುಗಳನ್ನು ನೆಲದಿಂದ ಎತ್ತಿ ಕಪಾಟಿಗೆ ಹಾಕಿ. ಒಂದು ಅಂತಸ್ತಿಗೆ ‘ದುರಸ್ತಿಗೆ’, ಇನ್ನೊಂದಕ್ಕೆ ‘ಬಿಡಿಭಾಗಕ್ಕೆ’ ಎಂದು ಚೀಟಿ ಅಂಟಿಸಿ. ಕಪಾಟು ತುಂಬಿದರೆ ಒಂದು ಹೋಗದೆ ಇನ್ನೊಂದು ಬರಕೂಡದು. ಟಾರ್ಪಾಲು ಹೊದಿಸಬೇಡಿ, ಮುಚ್ಚಿದ ರಾಶಿಯ ಮೇಲೆ ಊಹೆ ದುಪ್ಪಟ್ಟಾಗುತ್ತದೆ. ಎಲ್ಲರೂ ಓಡಾಡುವ ಜಾಗದಲ್ಲಿ ಒಂದು ಸ್ಕ್ರೂ ಕೂಡ ಇರಬಾರದು. ಹಾಗೆಯೇ, ಹಳೆಯ ವಾಲ್ವ್ ರೇಡಿಯೊಗಳಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಬಿಚ್ಚಿಟ್ಟ ಸೆಟ್ ಮಕ್ಕಳ ಕೈಗೆ ಎಟುಕುವಂತಿರಬಾರದು, ನಿಮ್ಮ ಮಕ್ಕಳಾಗಲಿ ಬೇರೆಯವರ ಮಕ್ಕಳಾಗಲಿ.

ಇನ್ನು ವರ್ಗದ ಮಾತು. ಮನೋವಿಜ್ಞಾನಿ ಎಡ್ವಿನ್ ಹಾಲಂಡರ್ 1958ರಲ್ಲಿ, ಗುಂಪು ಯಾರ ವಿಚಿತ್ರವನ್ನು ಎಷ್ಟು ಸಹಿಸುತ್ತದೆ ಎಂಬುದನ್ನು ಜಮಾಖರ್ಚಿನ ಲೆಕ್ಕದಲ್ಲಿ ವಿವರಿಸಿದರು. ಗುಂಪಿನ ರೀತಿಗೆ ಹೊಂದಿ ನಡೆದು, ಗುಂಪಿಗೆ ಉಪಯೋಗಕ್ಕೆ ಬಂದವರ ಖಾತೆಗೆ ಜಮೆ ಬೀಳುತ್ತದೆ. ವಿಚಿತ್ರವಾಗಿ ನಡೆದಾಗಲೆಲ್ಲ ಅದರಿಂದ ಖರ್ಚಾಗುತ್ತದೆ. ಉಳ್ಳವರು ಹೊಸ ಜಾಗಕ್ಕೆ ಬರುವಾಗಲೇ ಖಾತೆ ತುಂಬಿರುತ್ತದೆ. ಬಾಡಿಗೆದಾರರ ಖಾತೆ ಸೊನ್ನೆಯಿಂದ ಶುರು. ಅನ್ಯಾಯ ನಿಜ, ಆದರೆ ಲೆಕ್ಕ ಹಾಗೇ ನಡೆಯುತ್ತದೆ. ಜಮೆ ಮಾಡಲು ಸಣ್ಣ ಸಂಗತಿಗಳೇ ಸಾಕು: ಕಟ್ಟಡದ ಎಲ್ಲರ ಖರ್ಚಿನಲ್ಲಿ ನಿಮ್ಮ ಪಾಲು ಗಡುವಿಗೆ ಮೊದಲೇ ಕೊಡುವುದು, ಮೆಟ್ಟಿಲು ತೊಳೆಯುವ ಸರದಿ ತಪ್ಪಿಸದಿರುವುದು, ನಿವಾಸಿಗಳ ಸಭೆಗೆ ಬಂದು ಕೂರುವುದು. ಮೂರು ತಿಂಗಳು ಬಿಡದೆ ಮಾಡಿ.

ಗಡಿಯಾರದ ಕೈಚಳಕವಿದೆಯಲ್ಲ, ಅದು ನಿಮ್ಮ ದೊಡ್ಡ ಬಂಡವಾಳ. ನೆರೆಯವರ ನಿಂತ ಗಡಿಯಾರ ತೆಗೆದುಕೊಂಡರೆ ಮೊದಲ ದಿನವೇ ಬಿಚ್ಚಿ ನೋಡಿ, ಆಗುತ್ತದೋ ಇಲ್ಲವೋ ಹೇಳಿ, ವಾಪಸು ಕೊಡುವ ದಿನ ಹೇಳಿ, ಆ ದಿನ ಕೊಡಿ. ಎರಡು ತಿಂಗಳು ಇಟ್ಟುಕೊಂಡರೆ ಕಪಾಟಿನಲ್ಲಿರುವುದೆಲ್ಲ ಊರವರದ್ದೇ ಎಂಬ ಮಾತು ಹುಟ್ಟುತ್ತದೆ. ಉಡುಗೊರೆ ಹಂಚಬೇಡಿ. ಕೈ ಬಿಗಿ ಇರುವವರಿಗೆ ತಿರುಗಿ ಕೊಡಲಾಗದ ಉಡುಗೊರೆ ಭಾರವಾಗುತ್ತದೆ.

ಮೂರನೇಮೆಟ್ಟಿಲು: ಯಾರಿಗೆ ಹೇಳಬೇಕು ಎಂಬುದನ್ನು ಯಾರೂ ಬರೆದಿಲ್ಲ. ಜೋರು ಬಾಯಿಯವರಿಗಿಂತ ದಾರಿ ಕೂಡುವಲ್ಲಿ ಇರುವವರು ಮುಖ್ಯ. ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು 1950ರಲ್ಲಿ ಪ್ರಕಟಿಸಿದ, ಅಮೆರಿಕದ ಎಂಐಟಿ ತಂತ್ರಜ್ಞಾನ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಗಳ ಅಧ್ಯಯನದಲ್ಲಿ ಸ್ನೇಹ ಬೆಳೆದದ್ದು ಬಾಗಿಲುಗಳ ನಡುವಿನ ದೂರ, ಮೆಟ್ಟಿಲು, ಅಂಚೆಪೆಟ್ಟಿಗೆಗಳ ಜಾಗವನ್ನು ಅನುಸರಿಸಿ. ಮೆಟ್ಟಿಲ ಬುಡದ ಮನೆಯವರಿಗೆ ಸಂಗತಿ ಮೊದಲು ಗೊತ್ತಾದರೆ ಉಳಿದವರಿಗೆ ಅವರ ಬಾಯಿಂದಲೇ ಹೋಗುತ್ತದೆ. ವಿಚಿತ್ರ ಕಾಣುವ ಮುಂಚೆಯೇ ಹೇಳಿ: ಏನು, ಎಷ್ಟು ಹೊತ್ತಿನವರೆಗೆ, ತೊಂದರೆಯಾದರೆ ಯಾರನ್ನು ಕರೆಯಬೇಕು. ‘ನಾಳೆಯಿಂದ ನಾಲ್ಕು ದಿನ ಸಂಜೆ ಐದರಿಂದ ಆರು ಕೊಡತಿ ಸದ್ದಿರುತ್ತದೆ, ಮಗು ಮಲಗಿದ್ದರೆ ಬಾಗಿಲು ಬಡಿಯಿರಿ, ನಿಲ್ಲಿಸುತ್ತೇವೆ.’ ಅಷ್ಟು ಸಾಕು. ಕಲೆಯ ಮಹತ್ವ ವಿವರಿಸಲು ಕೂತರೆ ಅಹಂಕಾರ ಅನ್ನುತ್ತಾರೆ.

ವರ್ಗವೊಂದೇ ಕಾರಣ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ಬಳಿಯ ಒಂದು ಬಡಾವಣೆಯನ್ನು ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ ಮತ್ತು ಜಾನ್ ಸ್ಕಾಟ್ಸನ್ ಅಧ್ಯಯನ ಮಾಡಿ 1965ರಲ್ಲಿ ಪ್ರಕಟಿಸಿದರು. ಅಲ್ಲಿ ಎರಡು ಕಾರ್ಮಿಕ ಕೇರಿಗಳ ನಡುವೆ ಕಸುಬಿನಲ್ಲಿ, ವರಮಾನದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಒಂದರವರು ತಲೆಮಾರುಗಳಿಂದ ಇದ್ದವರು, ಇನ್ನೊಂದರವರು ಆಮೇಲೆ ಬಂದವರು. ಹಳಬರು ತಮ್ಮವರನ್ನು ತಮ್ಮಲ್ಲಿನ ಅತ್ಯುತ್ತಮರಿಂದ ಅಳೆದರು, ಹೊಸಬರನ್ನು ಅವರಲ್ಲಿನ ಕೆಟ್ಟ ಕೆಲವರಿಂದ. ಒಬ್ಬರನ್ನೊಬ್ಬರು ಬಲ್ಲ ಹಳಬರ ನಡುವೆ ಆಡಿಕೊಳ್ಳುವ ಮಾತು ಬೇಗ ಹರಡುತ್ತಿತ್ತು, ಹೊಸಬರಿಗೆ ಆ ಕೂಡುಬಲ ಇರಲಿಲ್ಲ. ಆದ್ದರಿಂದ ‘ನಾವೂ ದೊಡ್ಡ ಮನೆಯಲ್ಲಿದ್ದವರೇ’ ಎಂದು ಎಲ್ಲೂ ಹೇಳಬೇಡಿ. ನಿಮಗೆ ಬೇಕಾದದ್ದು ಇಲ್ಲಿ ಹಳಬರಾದ ಒಂದೆರಡು ಮನೆಯ ಸ್ನೇಹ. ಗಾಳಿಮಾತನ್ನು ಅಲ್ಲಗಳೆಯುವಾಗಲೂ ಆ ಮಾತನ್ನು ನೀವೇ ಉಚ್ಚರಿಸಬೇಡಿ, ಇರುವ ಸಂಗತಿಯನ್ನಷ್ಟೇ ಹೇಳಿ.

ದೀಪದಕಂಬ: ಎಲ್ಲವನ್ನೂ ನೆರೆಯವರ ಪೂರ್ವಗ್ರಹ ಎನ್ನುವ ಮುಂಚೆ ನಿಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಿ. ಒಲೆ ಅಡುಗೆಗೆ, ಮಂಚ ಮಲಗುವುದಕ್ಕೆ, ಬಚ್ಚಲು ಸ್ನಾನಕ್ಕೆ ಬಳಕೆಯಾಗುತ್ತಿದೆಯೇ? ಬೆಂಕಿ ಬಿದ್ದರೆ ಕತ್ತಲಲ್ಲೂ ಎಡವದೆ ಬಾಗಿಲು ಸೇರಬಹುದೇ? ಕೆಟ್ಟ ವಸ್ತು ಎಸೆಯಬೇಕಾದಾಗ ತಡೆಯಲಾಗದ ಸಂಕಟವಾಗುತ್ತದೆಯೇ? ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿ 2013ರಿಂದ ಅತಿ ಕೂಡಿಡುವಿಕೆಯನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಉತ್ತರಗಳು ಚಿಂತೆ ಹುಟ್ಟಿಸಿದರೆ ಮೊದಲು ವೈದ್ಯರು, ಆಮೇಲೆ ಕಪಾಟು.

ಹಿತ್ತಲಬಾಗಿಲು: ಸರಿಯಾದ ಮಾತು. ಮಕ್ಕಳದ್ದೊಂದು ಉಳಿಯಿತು. ಮನೆಪಾಠಕ್ಕೆ ಅನ್ವಯಿಸುವ ಕಾನೂನೇನೆಂದು ತಿಳಿದುಕೊಂಡು ಪಾಠದ ದಿನಚರಿ, ಮಕ್ಕಳ ಕೆಲಸದ ಕಡತ ಇಟ್ಟಿರಿ, ಅಧಿಕಾರಿಗಳಿಗೆ ದೂರು ಹೋದರೆ ಮಾತಿಗಿಂತ ಕಡತ ನಿಲ್ಲುತ್ತದೆ. ಮಕ್ಕಳು ವಾರಕ್ಕೆರಡು ಸಲವಾದರೂ ಹೊರಗೆ, ಎಲ್ಲರೂ ನೋಡುವ ಜಾಗದಲ್ಲಿ ಆಡಲಿ. ಮನೆಗೆ ಕರೆಯುವಾಗ ಹಿಂಡು ಬೇಡ. ಮೊದಲ ಸಲ ಒಂದೇ ಮಗು, ಜೊತೆಗೆ ಅದರ ಅಪ್ಪನೋ ಅಮ್ಮನೋ, ಒಂದು ಗಂಟೆ ಮಾತ್ರ, ಮುಂಬಾಗಿಲು ತೆರೆದೇ ಇರಲಿ. ಉಳಿಗಳು ಬೀಗದೊಳಗಿರಲಿ, ಬೀಗ ಹಾಕಿದ್ದನ್ನು ಅವರಿಗೆ ತೋರಿಸಿ. ಎರಡನೆಯ ಸಲ ಮಗು ಒಂದೇ ಬಂದರೆ, ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲೇ ಅದನ್ನು ಅವರ ಬಾಗಿಲಿಗೆ ಬಿಟ್ಟು ಬನ್ನಿ.