ಹೆಚ್ಚುವುದು, ಕೊಚ್ಚುವುದು, ಕೊಯ್ಯುವುದು: ನಿಮ್ಮ ಕಡೆ ಹೇಗೆ?

ಎಲ್ಲರಿಗೂ ನಮಸ್ಕಾರ.

ಅಡುಗೆ ವಿಡಿಯೊಗಳಲ್ಲಿ, ಪತ್ರಿಕೆಗಳ ಅಡುಗೆ ಅಂಕಣಗಳಲ್ಲಿ ಈಗ ಹೆಚ್ಚಾಗಿ ಒಂದೇ ಮಾತು ಕೇಳಿಸುತ್ತದೆ: 'ಈರುಳ್ಳಿ ಕತ್ತರಿಸಿಕೊಳ್ಳಿ', 'ಸೊಪ್ಪು ಕತ್ತರಿಸಿಡಿ'. ಇನ್ನೂ ಸಲೀಸಾಗಿ ಮಾತಾಡುವವರು 'ಕಟ್ ಮಾಡ್ಕೊಳ್ಳಿ' ಅನ್ನುತ್ತಾರೆ. ಅರ್ಥ ಆಗುತ್ತದೆ, ಜಗಳ ಇಲ್ಲ. ಆದರೆ ನನ್ನ ಕಿವಿಗೆ ಕತ್ತರಿಸುವುದು ಅಂದರೆ ಮೊದಲು ಬಟ್ಟೆ, ಕಾಗದ, ದಾರ, ಕೂದಲು. ತರಕಾರಿಗೆ 'ಹೆಚ್ಚು' ಅಂತ ಬೇರೆಯದೇ ಪದ ಇದೆ ಅಲ್ವಾ? ಮರವನ್ನು ಯಾರೂ ಹೆಚ್ಚುವುದಿಲ್ಲ, ಬಟ್ಟೆಯನ್ನೂ ಹೆಚ್ಚುವುದಿಲ್ಲ. ಪಲ್ಯಕ್ಕೋ ಹುಳಿಗೋ ಬೇಕಾದ ಅಳತೆಗೆ ಹೋಳು ಮಾಡುವುದಕ್ಕೇ ಮೀಸಲಾದ ಪದ ಇದು. ಇಂಥ ಪದ ಯಾಕೆ ಹಿಂದೆ ಬೀಳುತ್ತಿದೆ?

ನನಗೆ ತೋಚುವ ಕಾರಣ ಇದು. 'ಜಾಸ್ತಿ' ಅನ್ನುವ ಅರ್ಥದ ಇನ್ನೊಂದು 'ಹೆಚ್ಚು' ಇದೆ, ಹಳಗನ್ನಡದ 'ಪೆರ್ಚು' ಬದಲಾಗಿ ಬಂದದ್ದು. 'ಈರುಳ್ಳಿ ಹೆಚ್ಚಿ ಆಯಿತು' ಅಂದರೆ ಕೆಲಸ ಮುಗಿಯಿತು. 'ಈರುಳ್ಳಿ ಹೆಚ್ಚಾಯಿತು' ಅಂದರೆ ಅಡುಗೆ ಕೆಟ್ಟಿತು. 'ಈರುಳ್ಳಿ ಹೆಚ್ಚಿಸಿ' ಅಂತ ಬರೆದರೆ ಓದುವವರು ಒಂದು ಕ್ಷಣ ನಿಲ್ಲಲೇಬೇಕು. ಆ ತೊಡಕು ಬೇಡ ಅಂತ ಬರೆಯುವವರು 'ಕತ್ತರಿಸು' ಹಿಡಿದಿರಬಹುದು. ಆದರೆ ಮಾತಿನಲ್ಲಿ ಈ ತೊಡಕೇ ಇಲ್ಲ. 'ಜಾಸ್ತಿ ಹೆಚ್ಚಬೇಡ, ಎರಡು ಸಾಕು' ಅಂತ ಅಡುಗೆಮನೆಯಿಂದ ಕೂಗಿ ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಕನ್ನಡದಲ್ಲಿ ಈ ಪದಗಳನ್ನು ಬೇರೆ ಮಾಡುವುದು ಬರೀ ವಸ್ತು ಅಲ್ಲ, ಕೈ ಓಡುವ ರೀತಿ ಕೂಡ. ಒಂದೇ ಮರವನ್ನು ತೆಗೆದುಕೊಳ್ಳಿ. ಕೊಡಲಿಯಿಂದ ಬುಡಕ್ಕೆ ಏಟು ಹಾಕಿದರೆ ಮರ ಕಡಿದ ಹಾಗೆ. ಬೆಳೆದು ಚಾಚಿದ ರೆಂಬೆ ತೆಗೆದರೆ ಸವರಿದ ಹಾಗೆ. ಉರುಳಿಸಿದ ದಿಮ್ಮಿಯನ್ನು ಗರಗಸ ಎಳೆದು ಹಲಗೆ ಮಾಡಿದರೆ ಕೊಯ್ದ ಹಾಗೆ. ಹಳ್ಳಿಯಲ್ಲಿ 'ಮರ ಕುಯ್ಯೋ ಮಿಷನ್' ಅನ್ನುವುದು ಅದಕ್ಕೇ. ಉಳಿದ ತುಂಡನ್ನು ನಾರಿನ ಉದ್ದಕ್ಕೆ ಬಿಡಿಸಿದರೆ ಸೌದೆ ಸೀಳಿದ ಹಾಗೆ. ಉಳಿ ಹಿಡಿದು ಅದರ ಮೇಲೆ ಹೂಬಳ್ಳಿ ಮೂಡಿಸಿದರೆ ಕೆತ್ತಿದ ಹಾಗೆ. ಇಷ್ಟಕ್ಕೂ 'ಕತ್ತರಿಸಿದರು' ಅಂತ ಬರೆದರೆ ಕೊಡಲಿಯೂ ಕಾಣುವುದಿಲ್ಲ, ಗರಗಸವೂ ಕಾಣುವುದಿಲ್ಲ.

ಅಂದರೆ ಅಲಗು ಎಳೆದಾಡಿದರೆ ಕೊಯ್ಯುವುದು, ಅಲಗು ಬೀಸಿ ಬಿದ್ದರೆ ಕಡಿಯುವುದು, ಮತ್ತೆ ಮತ್ತೆ ಬಿದ್ದರೆ ಕೊಚ್ಚುವುದು. ಕುಡುಗೋಲಿನಿಂದ ಭತ್ತ, ರಾಗಿ ಕೊಯ್ಯುತ್ತೇವೆ. ಕಬ್ಬನ್ನು ಮಾತ್ರ ಕಡಿಯುತ್ತೇವೆ, ಅದರ ಬುಡಕ್ಕೆ ಏಟೇ ಬೀಳಬೇಕು. ಪತ್ರಿಕೆಗಳಲ್ಲಿ ಇದು 'ಕಬ್ಬು ಕಟಾವು' ಆಗಿದೆ, ಭತ್ತಕ್ಕೂ ಈಗ 'ಕಟಾವು' ಬಂದಿದೆ. ಭತ್ತದ ಮಟ್ಟಿಗೆ 'ಕೊಯ್ಲು' ಬಿಡಬಾರದು ಅನ್ನುವುದು ನನ್ನ ಹಟ. ತಮಿಳು, ತೆಲುಗು, ತುಳು, ಮಲಯಾಳದಲ್ಲೂ ಇದೇ ಬೇರಿನ ಪದ ಇದೆ. ಇಷ್ಟು ಹಳೆಯ ಪದ ಗದ್ದೆಯಲ್ಲಿ ಇನ್ನೂ ಬದುಕಿರುವಾಗ ಅಚ್ಚಿನಲ್ಲಿ ಯಾಕೆ ಬಿಡಬೇಕು?

ಕೊಚ್ಚುವುದಕ್ಕೂ ಹೆಚ್ಚುವುದಕ್ಕೂ ಇರುವ ಫರಕು ಕೋಸಂಬರಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎಳೆ ಸೌತೆಕಾಯಿಯ ತುದಿ ತೆಗೆದು, ಉಜ್ಜಿ ಕಹಿ ನೊರೆ ಇಳಿಸಿ, ಸಿಪ್ಪೆ ಹೆರೆದು, ಎಡಗೈಯಲ್ಲಿ ನೆಟ್ಟಗೆ ಹಿಡಿಯುತ್ತಾರೆ. ಕಾಯಿ ತಿರುಗಿಸುತ್ತಾ ಮೇಲಿನ ತುದಿಗೆ ಚಾಕುವಿನಿಂದ ಪಟಪಟ ಏಟು ಹಾಕುತ್ತಾರೆ. ತುದಿಯ ತುಂಬ ಸೀಳು ಬಿದ್ದ ಮೇಲೆ ಅಡ್ಡಕ್ಕೆ ತೆಳ್ಳಗೆ ಕೊಯ್ದರೆ ಸಣ್ಣ ಸಣ್ಣ ಚೂರು ಉದುರುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ನೀರು ಬೇಗ ಬಿಡುತ್ತವೆ, ಉಪ್ಪು ಬೇಗ ಹಿಡಿಯುತ್ತವೆ, ನೆನೆದ ಹೆಸರುಬೇಳೆಗೆ ಅಂಟಿಕೊಳ್ಳುತ್ತವೆ. ಅದೇ ಸೌತೆಕಾಯಿಯನ್ನು ಈಳಿಗೆಮಣೆಯ ಮೇಲೆ ಹೆಚ್ಚಿದರೆ ಚೌಕದ ಹೋಳು, ಕಚ್ಚಿದರೆ ಗರಿಗರಿ. ಎರಡರ ರುಚಿಯೂ ಬೇರೆ. ಪಾಕವಿಧಾನದಲ್ಲಿ 'ಕತ್ತರಿಸಿದ ಸೌತೆಕಾಯಿ 1 ಬಟ್ಟಲು' ಅಂತ ಬರೆದರೆ ಹೊಸದಾಗಿ ಅಡುಗೆ ಕಲಿಯುವವರು ಯಾವುದು ಮಾಡಬೇಕು?

ಊರಿಂದ ಊರಿಗೆ ಪದ ಬದಲಾಗುತ್ತದೆ ಅನ್ನುವುದೂ ನಿಜ. ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ತರಕಾರಿ ಕೊರೆಯುತ್ತಾರೆ. ಮೈಸೂರು ಕಡೆಯವರಿಗೆ ಕೊರೆಯುವುದು ಅಂದರೆ ಬೋರ್‌ವೆಲ್, ಇಲ್ಲವೇ ಬಿಡದೆ ಮಾತಾಡಿ ತಲೆ ತಿನ್ನುವವರು. ಈಳಿಗೆಮಣೆಯನ್ನು ಕರಾವಳಿ, ಮಲೆನಾಡಿನಲ್ಲಿ ಮೆಟ್ಟುಗತ್ತಿ ಅನ್ನುತ್ತಾರೆ. ಕಾಲಲ್ಲಿ ಮೆಟ್ಟಿ ಹಿಡಿದು ಕೂರುವುದರಿಂದ ಆ ಹೆಸರು ನನಗೆ ಬಹಳ ಇಷ್ಟ. ಹೂವನ್ನು ಕರಾವಳಿಯಲ್ಲಿ ಕೊಯ್ಯುತ್ತಾರೆ, ಬೆಂಗಳೂರಿನ ಸುತ್ತ ಬಿಡಿಸುತ್ತಾರೆ ಅಥವಾ ಕೀಳುತ್ತಾರೆ, ಧಾರವಾಡದ ಕಡೆ ಹರಿಯುತ್ತಾರೆ. ವಿಜಯಪುರದ ಕಡೆ ಹಿಂಗಾರಿನ ಬಿಳಿಜೋಳವನ್ನು ಬೇರು ಸಮೇತ ಕಿತ್ತು, ಆಮೇಲೆ ತೆನೆ ಮುರಿಯುತ್ತಾರೆ. ಅಲ್ಲಿ ಸುಗ್ಗಿಗೆ ಅಲಗೇ ಬೇಕಿಲ್ಲ.

ಈ ಸೂಕ್ಷ್ಮ ತಪ್ಪದೆ ಉಳಿದಿರುವ ಒಂದು ಜಾಗ ಪತ್ರಿಕೆಗಳ ಅಪರಾಧ ಸುದ್ದಿ. ಓದಲು ಸಂಕಟವಾದರೂ ಗಮನಿಸಿ. 'ಮಚ್ಚಿನಿಂದ ಕೊಚ್ಚಿ', 'ಕತ್ತು ಕೊಯ್ದು', 'ಚಾಕುವಿನಿಂದ ಇರಿದು'. ಮೂರೂ ಬೇರೆ ಬೇರೆ ಗಾಯ. ವರದಿಗಾರರು ಇಲ್ಲಿ ಪದ ತಪ್ಪುವುದು ಕಡಿಮೆ. ಅದೇ ಪತ್ರಿಕೆಯ ಅಡುಗೆ ಅಂಕಣದಲ್ಲಿ ಎಲ್ಲವೂ 'ಕತ್ತರಿಸಿ' ಆಗುವುದು ನನಗೆ ಬೇಸರ ತರಿಸುತ್ತದೆ.

ಇನ್ನು ಕೆಲವು ಕಡೆ ಕತ್ತರಿ ಕೈಯಲ್ಲಿದ್ದರೂ ಮಾತಿನಲ್ಲಿ ಬರುವುದಿಲ್ಲ. ಉಗುರು 'ತೆಗೆಯುತ್ತೇವೆ', ಮಗುವಿನ ಕೂದಲು 'ತೆಗೆಸುತ್ತೇವೆ'. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಅನ್ನುವ ರೂಢಿ ಹಲವು ಮನೆಗಳಲ್ಲಿದೆ. ಗಂಡಸರು ಮೊದಲ ಏಟು ಹಾಕಿ ಒಡೆದು ಕೊಡಬೇಕು, ಆಮೇಲೆ ಅವರು ಹೆಚ್ಚಬಹುದು. ರೂಢಿಯನ್ನು ನಾನು ಒಪ್ಪುವುದಿಲ್ಲ. ಆದರೆ ಒಡೆಯುವುದಕ್ಕೂ ಹೆಚ್ಚುವುದಕ್ಕೂ ನಡುವೆ ಇಷ್ಟು ದಪ್ಪ ಗೆರೆ ಇದೆ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಈಗ ನನ್ನ ಪ್ರಶ್ನೆಗಳು. ಮೊದಲನೆಯದು: ನಿಮ್ಮ ಮನೆಯಲ್ಲಿ ಸೊಪ್ಪಿಗೆ ಯಾವ ಪದ? ಹೆಚ್ಚುವುದೋ, ಕೊಚ್ಚುವುದೋ, ಕೊಯ್ಯುವುದೋ? ಸೋಸಿದ ಮೇಲಿನ ಕೆಲಸ ನಾನು ಕೇಳುತ್ತಿರುವುದು. ಎರಡನೆಯದು ಹಲಸಿನಹಣ್ಣಿನದು. ಮರದಿಂದ ಕೊಯ್ದು ಇಳಿಸುವುದು, ಕೊನೆಗೆ ತೊಳೆ ಬಿಡಿಸುವುದು, ಇವೆರಡು ಎಲ್ಲ ಕಡೆ ಕೇಳಿದ್ದೇನೆ. ನಡುವೆ ಎಣ್ಣೆ ಹಚ್ಚಿದ ಕತ್ತಿಯಿಂದ ಹಣ್ಣನ್ನು ಎರಡು ಭಾಗ ಮಾಡುತ್ತಾರಲ್ಲ, ಅದಕ್ಕೆ ಕೆಲವರು ಕೊಯ್ಯುವುದು ಅನ್ನುತ್ತಾರೆ, ಕೆಲವರು ಸೀಳುವುದು ಅನ್ನುತ್ತಾರೆ. ಶಿರಸಿ, ಪುತ್ತೂರು, ತುಮಕೂರು ಕಡೆಯವರು ತಮ್ಮ ತಮ್ಮ ಮನೆಯ ಮಾತು ಬರೆದರೆ ಉಪಕಾರ. ಊರಿನ ಹೆಸರು ಮರೆಯದೆ ಹಾಕಿ.