ಸಮಸ್ಯೆ: ಮೂರರ ಬಾಲಕೆ ಸಮಾಪ್ತಿಯೆಂಬುದ ಕಾಣೆಂ

ಸಂಚಾಲಕ: ಈ ವಾರದ ಸಮಸ್ಯೆ ಕಂದಪದ್ಯದ ಕೊನೆಯ ಸಾಲು, ಮೊದಲ ಮೂರು ಸಾಲು ಕಟ್ಟಿ ಅದನ್ನು ಪೂರಣ ಮಾಡುವುದು ನಿಮ್ಮ ಕೆಲಸ. ಕೊಟ್ಟವರು ಸೊನ್ನೆ ಮೇಷ್ಟರು. ಪೂರಣ ಗಣಿತದಿಂದಲೇ ಆಗಬೇಕು ಎಂಬುದು ಅವರ ಹಟ. ದಯವಿಟ್ಟು ಹನುಮಂತ, ಲಂಕಾದಹನ ಬೇಡ.

ಗಾಲಿಗವಿ:
ತೇರಿನ ಗಾಲಿಯನಳೆದೆಂ
ದಾರದೆ ಸುತ್ತಂ ವಿಭಾಗಿಸಲ್ ವ್ಯಾಸದಿನಾಂ
ಸೇರದು ಲೆಕ್ಕಕೆ ಶೇಷಂ
ಮೂರರ ಬಾಲಕೆ ಸಮಾಪ್ತಿಯೆಂಬುದ ಕಾಣೆಂ

ತೇರು ಸಿಗಲಿಲ್ಲ, ಊಟದ ತಟ್ಟೆಗೆ ಹೂ ಕಟ್ಟುವ ದಾರ ಸುತ್ತಿ ನೋಡಿದೆ. ಅಡ್ಡಳತೆ 28 ಸೆಂ.ಮೀ., ದಾರ 88ಕ್ಕೆ ಕೂದಲೆಳೆಯಷ್ಟು ಕಡಿಮೆ. ಅದನ್ನು ತಟ್ಟೆಯ ಮೇಲೆ ಮೂರು ಸಲ ಅಡ್ಡಲಾಗಿ ಹಾಸಿದ ಮೇಲೂ ನಾಲ್ಕು ಸೆಂಟಿಮೀಟರಿನ ತುಂಡು ಉಳಿಯಿತು. ಅದೇ ಬಾಲ.

ಸೊನ್ನೆ ಮೇಷ್ಟರು: ಚೆನ್ನಾಗಿದೆ.

ದರ್ಪಣರಾಯ: ತಟ್ಟೆಯ ಅಳತೆ ಸರಿ, ಪ್ರಾಸದ್ದು ತಪ್ಪು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕಲ್ಲ. ‘ಅಳೆದೆಂ’, ‘ವಿಭಾಗಿಸಲ್’ ಎಂದು ಹಳಗನ್ನಡದ ಪಂಚೆ ಉಟ್ಟ ಮೇಲೆ ‘ಮೂಱು’ವಿನಲ್ಲಿರುವುದು ಬಂಡಿ ರ, ಅಂದರೆ ಈಗ ಬಳಕೆ ತಪ್ಪಿದ ಱ, ಎಂಬುದು ನೆನಪಿರಬೇಕು. ತೇರು, ದಾರ, ಸೇರು, ಎಲ್ಲ ಸಾದಾ ರ. ಗಾಲಿಗವಿಗೆ ಗಾಲಿಯೇ ಕಾಣಲಿಲ್ಲವೇ?

ಗಾಲಿಗವಿ: ಸಮಸ್ಯೆ ಕೊಟ್ಟವರೇ ‘ಮೂರರ’ ಎಂದು ಬರೆದಿದ್ದಾರೆ, ಅವರನ್ನು ಕೇಳಿ. ಮನೆ ಖಾಲಿ ಮಾಡಿ ಹೋದ ಅಕ್ಷರಕ್ಕೆ ನಾನೇಕೆ ಬಾಡಿಗೆ ಕಟ್ಟಲಿ? ಕಳೆದ ಯುಗಾದಿಯಲ್ಲೂ ನಿಮ್ಮದು ಇದೇ ತಕರಾರು. ಆಗ ೞ ಎಂಬ ಇನ್ನೊಂದು ಹಳೆಯ ಅಕ್ಷರ.

ದರ್ಪಣರಾಯ: ಆಗಲೂ ನಾನೇ ಸರಿಯಿದ್ದೆ. ಕಿವಿಗೆ ಹತ್ತಿರವಿದ್ದರೆ ಸಾಕು ಎನ್ನುವವರು 22/7 ಅನ್ನೇ ಪೈ ಎಂದು ಒಪ್ಪಿಕೊಂಡು ಬಿಡಲಿ. ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಕೊಟ್ಟೂ ‘ಆಸನ್ನ’, ಅಂದರೆ ಹತ್ತಿರದ್ದು ಮಾತ್ರ, ಎಂಬ ಮಾತು ಸೇರಿಸಿದ. ಆ ಎಚ್ಚರ ನಿಮಗೆ ಬೇಡವೇ?

ಸೊನ್ನೆ ಮೇಷ್ಟರು: ಆರ್ಯಭಟ ಬಂದ ಮೇಲೆ ನಮ್ಮ ಮಹಾವೀರಾಚಾರ್ಯರೂ ಬರಲಿ. ಅಮೋಘವರ್ಷನ ಕಾಲದ ಗಣಿತಸಾರಸಂಗ್ರಹದಲ್ಲಿ ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ, ಅಂದರೆ 3.162. ಅವರ ಸೂಕ್ಷ್ಮ ಆರ್ಯಭಟನ ಮುಂದೆ ಸ್ಥೂಲವೇ.

ದರ್ಪಣರಾಯ: ವಿಷಯ ಬದಲಿಸಬೇಡಿ ಮೇಷ್ಟರೇ.

ತ್ರಿಪದಿ:
ತೋಱುಗುಮೊಂದಾ ವೃತ್ತದೊ-
ಳೇಱುವ ಬಡ್ಡಿಯೊಳದೊಂದು ಹೊನ್ನೊಳಗೊಂದೈ
ಮೀಱಿದುವೆಣಿಕೆಯ ಗಡಿಯಂ
ಮೂಱಱ ಬಾಲಕೆ ಸಮಾಪ್ತಿಯೆಂಬುದ ಕಾಣೆಂ

ಇಲ್ಲಿ ಮೂರು ಎಂದರೆ ಅಂಕೆಯಲ್ಲ. ಮೂರು ಸಂಖ್ಯೆಗಳು: ವೃತ್ತದ ಪೈ, ಬಡ್ಡಿಯ ಆಯ್ಲರನ ಸಂಖ್ಯೆ (e), ಹೊನ್ನಿನ ಸುವರ್ಣಾನುಪಾತ. ಬಡ್ಡಿಯ ಲೆಕ್ಕ 1683ರಲ್ಲಿ ಜೇಕಬ್ ಬರ್ನೂಲಿ ಹಿಡಿದದ್ದು. ಒಂದು ರೂಪಾಯಿಗೆ (ರೂಪಾಯಿ ನನ್ನದು, ಅವನದಲ್ಲ) ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ. ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 2.25, ತಿಂಗಳಿಗೊಮ್ಮೆ 2.613, ದಿನವೂ ಸೇರಿಸಿದರೆ 2.714. ಕ್ಷಣಕ್ಷಣಕ್ಕೆ ಸೇರಿಸುತ್ತ ಹೋದರೂ 2.71828ರ ಬಾಲ ಉದ್ದವಾಗುತ್ತದೆಯೇ ಹೊರತು ಸಾಹುಕಾರನ ಹೊಟ್ಟೆ ತುಂಬುವುದಿಲ್ಲ.

ಗಾಲಿಗವಿ: ಒಪ್ಪಿದೆ.

ಸೊನ್ನೆ ಮೇಷ್ಟರು: ಮೂರೂ ಎಣಿಕೆಯ ‘ಗಡಿ’ ಮೀರಿದವು ಎಂಬ ಮಾತು ನನಗೆ ಚುಚ್ಚುತ್ತಿದೆ. ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಚಿಕ್ಕದಕ್ಕೂ ಬರುವಂತೆ ಕತ್ತರಿಸಿದರೆ ಹೊನ್ನು ಹುಟ್ಟುತ್ತದೆ, 1.618. ಅದನ್ನು ಹಿಡಿಯಲು ಒಂದು ವರ್ಗಸಮೀಕರಣ ಸಾಕು. ಪೂರ್ಣಾಂಕಗಳಿಂದ ಕಟ್ಟಿದ ಯಾವ ಬೀಜಸಮೀಕರಣಕ್ಕೂ ಬಡ್ಡಿಯದು ಸಿಗದು ಎಂದು 1873ರಲ್ಲಿ ಎರ್ಮಿತ್, ವೃತ್ತದ್ದು ಸಿಗದು ಎಂದು 1882ರಲ್ಲಿ ಲಿಂಡೆಮನ್ ಸಾಧಿಸಿದರು. ಹೊನ್ನನ್ನು ಅವರ ಪಂಕ್ತಿಯಲ್ಲಿ ಕೂರಿಸಿದ್ದು ಸರಿಯಲ್ಲ.

ತ್ರಿಪದಿ: ನಾನು ಆಡಿದ್ದು ಬಾಲದ ಮಾತು, ಬೀಜದ್ದಲ್ಲ. ಭಿನ್ನರಾಶಿಯ ಬಲೆಗೆ ಮೂರೂ ಬೀಳುವುದಿಲ್ಲ. ನಿಮ್ಮ ಸಮಸ್ಯೆ ಕೇಳಿದ್ದು ಅಷ್ಟೇ.

ದರ್ಪಣರಾಯ: ನಾಲ್ಕು ಸಾಲಿನಲ್ಲೂ ಬಂಡಿ ರ ಕೂತಿದೆ. ‘ಮೂಱಱ’ದಲ್ಲಿ ಎರಡು ಗಾಲಿ ಸೇರಿ ಬಂಡಿಯೇ ಆಯಿತು. ಆದರೆ ತಾಯಿ, ಇಷ್ಟೆಲ್ಲ ಮಾಡಿ ‘ಹೊನ್ನೊಳಗೊಂದೈ’? ಹಳಗನ್ನಡದ ಪೊನ್ ಎಲ್ಲಿ ಹೋಯಿತು?

ತ್ರಿಪದಿ: ಬಡ್ಡಿಗೆ ಕೊಟ್ಟಿದ್ದೇನೆ ರಾಯರೇ.

ಲಘುಗುರು: ಸಂಚಾಲಕರೇ, ನನ್ನದು ಗಣಿತವೋ ಅಲ್ಲವೋ ನೀವೇ ಎಣಿಸಿ ಹೇಳಿ.

ಹಾರುತೆ ಜಾರುತೆ ಬಂಡಿಯ-
ನೇರುತೆ ಮೂವರ್ ವಿವಾದಮಂ ತೀರಿಸರೈ
ನೂರಾದುವುತ್ತರಂಗಳ್
ಮೂರರ ಬಾಲಕೆ ಸಮಾಪ್ತಿಯೆಂಬುದ ಕಾಣೆಂ

ದರ್ಪಣರಾಯ: ಪಾಱುತೆ.