ಬೆಳ್ಳಿ ಉಂಗುರದ ಫೋಟೋ: ಒಂದೋ ಫೋನ್ ಕಾಣುತ್ತದೆ, ಇಲ್ಲವೇ ಬೆಳ್ಳಿ ಬೂದು ಬಣ್ಣವಾಗುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬೆಳ್ಳಿ ಉಂಗುರ, ಓಲೆ ಮಾಡುತ್ತೇನೆ. ಕೆಲಸ ಕೈಗೆ ಹತ್ತಿದೆ, ಫೋಟೋ ಮಾತ್ರ ಹತ್ತುತ್ತಿಲ್ಲ. ಮೂರು ವಾರದಿಂದ ರಾತ್ರಿ ಕೂತು ತೆಗೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಫೋನು, ಚಿಕ್ಕ ಟ್ರೈಪಾಡ್, ಎರಡು ಟೇಬಲ್ ಲ್ಯಾಂಪ್, ಬಿಳಿ ಬಟ್ಟೆಯ ಒಂದು ಲೈಟ್ ಬಾಕ್ಸ್. ಲ್ಯಾಂಪನ್ನು ನೇರವಾಗಿ ಬಿಟ್ಟರೆ ಬೆಳ್ಳಿಯ ಮೇಲೆ ಕಣ್ಣು ಚುಚ್ಚುವ ಎರಡು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕಪ್ಪು. ಉಂಗುರದ ಮೈಮೇಲೆ ನನ್ನ ಫೋನು, ಬೆರಳು ಎಲ್ಲ ಕಾಣುತ್ತವೆ. ಬಾಕ್ಸ್ ಒಳಗಿಟ್ಟರೆ ಅದೆಲ್ಲ ಹೋಗುತ್ತದೆ. ಆದರೆ ಉಂಗುರ ಬೂದು ಬಣ್ಣದ ಪ್ಲಾಸ್ಟಿಕ್ ಥರ ಆಗಿಬಿಡುತ್ತದೆ. ಸುತ್ತಿಗೆಯಲ್ಲಿ ತಟ್ಟಿದ ಗುರುತು ಒಂದೂ ಕಾಣುವುದಿಲ್ಲ. ಆ ಗುರುತುಗಳಿಗಾಗಿಯೇ ಒಂದೊಂದು ಉಂಗುರಕ್ಕೆ ಅರ್ಧ ದಿನ ಕೂರುತ್ತೇನೆ. ಅದೇ ಕಾಣದಿದ್ದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಒಳ್ಳೆಯ ಲೈಟ್ ತೆಗೆದುಕೊಳ್ಳಬೇಕಾ?

ಉತ್ತರ 1

ಲೈಟ್ ಬೇಡ. ಒಂದು ಕಪ್ಪು ಕಾರ್ಡ್‌ಶೀಟ್ ಮತ್ತು ಒಂದು ಟ್ರೇಸಿಂಗ್ ಪೇಪರ್ ತನ್ನಿ.

ಪಾಲಿಶ್ ಮಾಡಿದ ಬೆಳ್ಳಿ ಅಂದರೆ ಕನ್ನಡಿ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಬಾಕ್ಸ್ ಒಳಗೆ ನಾಲ್ಕೂ ಕಡೆ ಬಿಳಿ, ಹಾಗಾಗಿ ಉಂಗುರವೂ ಒಂದೇ ಸಮ ಪೇಲವ. ತಟ್ಟಿದ ಗುರುತು ಕಾಣಬೇಕಾದರೆ ಒಂದು ಗುಳಿಯಲ್ಲಿ ಬಿಳಿ ಕಾಣಬೇಕು, ಪಕ್ಕದ ಗುಳಿಯಲ್ಲಿ ಕಪ್ಪು ಕಾಣಬೇಕು. ನಿಮ್ಮ ಬಾಕ್ಸ್‌ನಲ್ಲಿ ಕಪ್ಪು ಎಲ್ಲೂ ಇಲ್ಲ, ಅಲ್ವಾ?

ನಾನು ಇದನ್ನು ಕಲಿತದ್ದು ಸ್ಟೀಲ್ ಚಮಚದಿಂದ. ಚಮಚವನ್ನು ಬೋರಲು ಹಾಕಿ ಮೇಜಿನ ಮೇಲಿಡಿ. ಲೆನ್ಸ್ ಇರುವ ಜಾಗಕ್ಕೆ ಒಂದು ಕಣ್ಣು ತಂದು, ಇನ್ನೊಂದು ಕಣ್ಣು ಮುಚ್ಚಿ ನೋಡಿ. ಇಡೀ ಕೋಣೆ ಅದರ ಬೆನ್ನಿನಲ್ಲಿ ಕಾಣುತ್ತದೆ. ಈಗ ಒಂದು ಬಿಳಿ ಹಾಳೆಯನ್ನು ಸುಮ್ನೆ ಅತ್ತಿತ್ತ ಆಡಿಸಿ. ಎಲ್ಲಿ ಹಿಡಿದರೆ ಚಮಚದ ಯಾವ ಭಾಗ ಬೆಳ್ಳಗಾಗುತ್ತದೆ ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಫೋಟೋ ತೆಗೆಯುವ ಮೊದಲು ಇದನ್ನು ಒಂದು ಸಂಜೆ ಮಾಡಿ, ದಯವಿಟ್ಟು.

ಆಮೇಲೆ ಉಂಗುರಕ್ಕೆ ಬನ್ನಿ. ಒಂದೇ ಲ್ಯಾಂಪ್ ಹಚ್ಚಿ, ಪಕ್ಕದಿಂದ, ಸ್ವಲ್ಪ ತಗ್ಗಿನಲ್ಲಿ. ಲ್ಯಾಂಪಿಗೂ ಉಂಗುರಕ್ಕೂ ನಡುವೆ ಟ್ರೇಸಿಂಗ್ ಪೇಪರ್ ನಿಲ್ಲಿಸಿ. ಪೇಪರ್ ಉಂಗುರಕ್ಕೆ ಹತ್ತಿರ ಇರಲಿ, ಒಂದು ಗೇಣು ಸಾಕು. ನಿಮ್ಮ ಉಂಗುರ ಎರಡು ಸೆಂಟಿಮೀಟರ್, ಎ4 ಹಾಳೆಯ ಉದ್ದ ಸುಮಾರು 30 ಸೆಂಟಿಮೀಟರ್. ಉಂಗುರದ ಮಟ್ಟಿಗೆ ಅದು ದೊಡ್ಡ ಕಿಟಕಿ. ಬೆಳಕು ಮೆದುವಾಗುವುದು ಲ್ಯಾಂಪಿನ ವ್ಯಾಟ್‌ನಿಂದಲ್ಲ, ಈ ಅಳತೆಯಿಂದ. ಲ್ಯಾಂಪನ್ನು ಪೇಪರ್ ಹತ್ತಿರ ತಂದರೆ ಹಾಳೆಯ ನಡುವೆ ಬೆಳಕು ಜಾಸ್ತಿ, ಅಂಚಿಗೆ ಹೋಗುತ್ತ ಕಡಿಮೆ. ಆ ಇಳಿಕೆಯೇ ಬೆಳ್ಳಿಗೆ ದುಂಡುತನ ಕೊಡುತ್ತದೆ. ಎಲ್‌ಇಡಿ ಬಲ್ಬೇ ಬಳಸಿ. ಹಳೆಯ ಬಿಸಿ ಬಲ್ಬಿನ ಹತ್ತಿರ ಪೇಪರ್ ಇಡಬೇಡಿ.

ಎದುರು ಬದಿಗೆ ಬಿಳಿ ಕಾರ್ಡ್. ಈಗ ಕಪ್ಪು ಕಾರ್ಡ್‌ನಿಂದ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಫ್ರೇಮಿನ ಹೊರಗೆ ಉಂಗುರದ ಪಕ್ಕದಲ್ಲೇ ನಿಲ್ಲಿಸಿ. ಅಂಚಿನುದ್ದಕ್ಕೂ ಕಾಡಿಗೆ ತೀಡಿದ ಹಾಗೆ ಒಂದು ಗೆರೆ ಮೂಡುತ್ತದೆ. ನನಗೆ ಇವತ್ತಿಗೂ ಆ ಗೆರೆ ಮೂಡುವ ಗಳಿಗೆ ಖುಷಿ ಕೊಡುತ್ತದೆ.

ಉಂಗುರದಲ್ಲಿ ಫೋನು ಕಾಣದಿರಲು: ಬಿಳಿ ಹಾಳೆಯಲ್ಲಿ ಲೆನ್ಸಿನಷ್ಟೇ ತೂತು ಮಾಡಿ ಫೋನಿನ ಮುಂದೆ ಅಂಟಿಸಿ. ಫೋನನ್ನು ಹಿಂದಕ್ಕೆ ಎಳೆದು 2ಎಕ್ಸ್ ಜೂಮ್ ಬಳಸಿ. ತೀರಾ ಹತ್ತಿರ ಹೋದರೆ ಉಂಗುರದ ಮುಂಭಾಗ ಊದಿದ ಹಾಗೆ ಬರುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಲ್ಯಾಂಪ್, 6500 ಕೆಲ್ವಿನ್ ಟ್ಯೂಬ್ ಎರಡೂ ಸೇರಿದರೆ ಬೆಳ್ಳಿಯ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ. ಹಿನ್ನೆಲೆ ಬಿಳಿಯಾದರೆ ಫೋನು ಅದನ್ನು ಬೂದು ಮಾಡಲು ನೋಡುತ್ತದೆ. ಉಂಗುರದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಫೋನಿನ ಪರದೆಯಲ್ಲೇ ಬೆಳಕನ್ನು ಸ್ವಲ್ಪ ಏರಿಸಿ. ಟೈಮರ್ ಇಟ್ಟು ಕೈ ತೆಗೆಯಿರಿ.

ಉತ್ತರ 2

ಮೇಲಿನದೆಲ್ಲ ಸರಿ. ಹರಳು ಇದ್ದರೆ ಒಂದು ಮಾತು ಸೇರಿಸುತ್ತೇನೆ. ಮೆದು ಬೆಳಕಿನಲ್ಲಿ ಹರಳು ಸತ್ತ ಹಾಗೆ ಕಾಣುತ್ತದೆ. ಅದಕ್ಕೆ ಚಿಕ್ಕ, ಚೂಪು ಬೆಳಕು ಬೇಕು. ಪೇಪರ್ ಹಾಗೇ ಇರಲಿ, ಹಿಂದಿನ ಮೂಲೆಯಿಂದ ಪುಟ್ಟ ಟಾರ್ಚ್ ಬಿಟ್ಟು, ಹರಳಿನ ಮುಖ ಮಿಂಚುವವರೆಗೆ ಕೈಯಾಡಿಸಿ.

ಪೋಲರೈಸಿಂಗ್ ಫಿಲ್ಟರ್ (ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಗಾಜು) ಹಾಕಿ ಎಂದು ಯಾರಾದರೂ ಹೇಳಿಯಾರು. ಲೆನ್ಸಿಗೆ ಮಾತ್ರ ಹಾಕಿದರೆ ಬರಿಯ ಲೋಹದ ಹೊಳಪು ಅದಕ್ಕೆ ಬಗ್ಗುವುದಿಲ್ಲ. ಗಾಜು, ಎನಾಮೆಲ್ ಮೇಲಿನ ಹೊಳಪಿಗಾದರೆ ಸರಿ.

ಪ್ರಶ್ನೆ ಕೇಳಿದವರು

ಎರಡು ಸಂಜೆ ಕೂತೆ. ಮೊದಲನೆಯದು ಪೂರ್ತಿ ಚಮಚಕ್ಕೇ ಹೋಯಿತು. ಎರಡನೆಯ ದಿನ ಲೈಟ್ ಬಾಕ್ಸ್ ಮಡಚಿಟ್ಟು, ನೀವು ಹೇಳಿದ ಹಾಗೆ ಜೋಡಿಸಿದೆ. ಎರಡು ಸೆಂಟಿಮೀಟರ್ ಪಟ್ಟಿ ನನ್ನ ತೆಳು ಉಂಗುರಕ್ಕೆ ಜಾಸ್ತಿಯಾಯಿತು, ಅರ್ಧ ಉಂಗುರ ಕಪ್ಪಾಯಿತು. ಅದನ್ನೇ ಸೀಳಿ ಒಂದು ಸೆಂಟಿಮೀಟರ್ ಮಾಡಿದೆ. ಆಗ ಸುತ್ತಿಗೆಯ ಗುರುತು ಒಂದೊಂದೂ ಎಣಿಸುವ ಹಾಗೆ ಬಂತು! ಒಳಮೈಯಲ್ಲಿ ಅರದ ಗೀರು ಉಳಿದಿದ್ದೂ ಕಂಡಿತು, ಕಣ್ಣಿಗೆ ಅದು ಕಂಡೇ ಇರಲಿಲ್ಲ. ಉಂಗುರವನ್ನು ಮತ್ತೆ ಪಾಲಿಶ್‌ಗೆ ತೆಗೆದುಕೊಂಡಿದ್ದೇನೆ. ತುಂಬಾ ಥ್ಯಾಂಕ್ಸ್.

ಓಲೆ ಮಾತ್ರ ತೊಂದರೆ ಕೊಡುತ್ತಿದೆ. ದಾರದಲ್ಲಿ ತೂಗುಹಾಕಿದರೆ ತಿರುಗುತ್ತಲೇ ಇರುತ್ತದೆ.

ಉತ್ತರ 1

ದಾರ ಒಂದೇ ಇದ್ದರೆ ತಿರುಗುತ್ತದೆ. ಕೊಕ್ಕೆಯನ್ನು ಸಣ್ಣ ಗಾಜಿನ ಲೋಟದ ಅಂಚಿಗೆ ಸಿಕ್ಕಿಸಿ, ಓಲೆ ಗಾಜಿಗೆ ಒರಗಿ ನಿಲ್ಲುತ್ತದೆ. ಫ್ಯಾನ್ ಆರಿಸಿ. ಗಾಜಿನಲ್ಲಿ ಕಾಣುವ ಬೆಳಕಿಗೆ ಪಟ್ಟಿಯನ್ನು ಇನ್ನೊಮ್ಮೆ ಸರಿಸಬೇಕಾಗುತ್ತದೆ.